ಸಾರಥಿಶ್ರೇಷ್ಠ ಫಾಂಜಿಯೋ

ಪ್ರತಿ ಸಂವತ್ಸರವೂ ಮಾಘ ಶುದ್ಧ ಸಪ್ತಮಿಯ ದಿನ, ಎಂದರೆ ರಥಸಪ್ತಮಿಯಂದು, ಶ್ರೀರಂಗಪಟ್ಟಣದಲ್ಲಿ ಶ್ರೀರಂಗನಾಥಸ್ವಾಮಿಯ ರಥೋತ್ಸವವು ನೆರವೇರುವುದು. ಆ ಮಹೋತ್ಸವವನ್ನು ಕಣ್ಣಾರೆ ಕಾಣದವರು ನಮ್ಮ ಸೀಮೆಯಲ್ಲಿ ವಿರಳ. ನೂರಾರು ಕೈಗಳು ಮಿಣಿಯನ್ನು ಹಿಡಿದು ಎಳೆಯುವುವು. ಬಾಳೆಯ ಹಣ್ಣು ದವನಗಳು ಕಲಶದ ಕಡೆಗೆ ಹಾರುವುವು. ಸರ್ವರ ದೃಷ್ಟಿಯೂ ಮೇಲ್ಗಡೆಗೇ ಇರುವುದು. ಆದರೆ ಗಾಲಿಯ ಮಗ್ಗುಲಲ್ಲಿ ನಡುವನ್ನು ಬಗ್ಗಿಸಿ, ಕೈಯಲ್ಲಿ ಮರದ ತುಂಡೊಂದನ್ನು ಹಿಡಿದು, ರಥದೊಡನೆಯೇ ನಡೆಯುವ ಇಬ್ಬರು ಮೂವರನ್ನು ಯಾರೂ ಗಮನಿಸುವುದಿಲ್ಲ. ರಥವು ಓರೆಯಾಗುವ ಸೂಚನೆ ಕಂಡೊಡನೆ ಆ ಮರವನ್ನು ಗಾಲಿಗೆ ಕೊಟ್ಟು ತಡೆಯುವವರು ಅವರೇ. ನಾನು ಆರೇಳು ವರ್ಷದ ಬಾಲಕನಾಗಿದ್ದಾಗ ನಮ್ಮ ತಂದೆಯವರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, "ಮಗೂ, ಎಳೆಯುವವರನ್ನು ನೋಡಿದ್ದು ಸಾಕು, ಅಲ್ಲಿ ಕೆಳಗೆ ನೋಡು, ತೇರನ್ನು ನಡೆಸುತ್ತಿರುವವನು ಅವನು" ಎಂದು ಹೇಳಿದ್ದರು. ಆ ಮಾತಿನ ಅರ್ಥವು ನನಗೆ ಆಗ ತಿಳಿಯಲಿಲ್ಲ. ಅದು ತಿಳಿದದ್ದು ಬಹುಕಾಲದ ಮೇಲೆ, ಅದೂ ಭೂಗೋಲದ ಮತ್ತೊಂದು ಮಗ್ಗುಲಿನ ಅರ್ಜೆಂಟೀನಾ ದೇಶದ ಒಬ್ಬ ಮೋಟಾರು ವೀರನ ಚರಿತ್ರೆಯನ್ನು ಓದಿದಾಗ. ಅವನ ಹೆಸರು ಹ್ವಾನ್ ಮನುವೆಲ್ ಫಾಂಜಿಯೋ.

ಪಾಠಶಾಲೆಯಲ್ಲಿ ಶಬ್ದ ಧಾತುಗಳನ್ನು ಉರುಹಾಕಿದ ಮುದುಕನಿಗೆ ಮೋಟಾರು ಪಂದ್ಯದ ಗೊಡವೆ ಏಕೆಂದು ವಾಚಕ ಮಹಾಶಯರು ಕೇಳಬಹುದು. ಈ ಪ್ರಶ್ನೆಗೆ ಎರಡು ಸಮಾಧಾನಗಳಿವೆ. ಮೊದಲನೆಯದು, ಸಾರಥ್ಯವೆಂಬುದು ನಮ್ಮ ವಾಙ್ಮಯಕ್ಕೆ ಹೊಸ ವಿಷಯವಲ್ಲ. ಎರಡನೆಯದನ್ನು ಲೇಖನದ ಕೊನೆಯಲ್ಲಿ ಹೇಳುವೆನು. ಅದು ನನಗೆ ಸಂತೋಷವನ್ನು ಕೊಡುವ ವಿಷಯವಲ್ಲ.

ಕಠೋಪನಿಷತ್ತಿನಲ್ಲಿ ಶರೀರವನ್ನು ರಥವೆಂತಲೂ, ಇಂದ್ರಿಯಗಳನ್ನು ಕುದುರೆಗಳೆಂತಲೂ, ಮನಸ್ಸನ್ನು ಕಡಿವಾಣವೆಂತಲೂ, ಬುದ್ಧಿಯನ್ನು ಸಾರಥಿಯೆಂತಲೂ ನಿರೂಪಿಸಿರುವುದು ಸರ್ವವಿದಿತ. ಮಹಾಭಾರತದ ವನಪರ್ವದಲ್ಲಿ ಸಾರಥ್ಯದ ಎರಡು ಉತ್ತಮ ನಿದರ್ಶನಗಳಿವೆ. ಒಂದು ನಳನದು. ಬಾಹುಕನೆಂಬ ವೇಷದಲ್ಲಿದ್ದ ನಳನು ಋತುಪರ್ಣರಾಜನನ್ನು ಅಯೋಧ್ಯೆಯಿಂದ ವಿದರ್ಭಕ್ಕೆ ಒಂದೇ ದಿನದಲ್ಲಿ ಕರೆದೊಯ್ಯುವನು. ದಾರಿಯಲ್ಲಿ ರಾಜನ ಉತ್ತರೀಯವು ಜಾರಿಬೀಳುವುದು. ರಥವನ್ನು ನಿಲ್ಲಿಸೆಂದು ಅವನು ಹೇಳಿ ಮುಗಿಸುವುದರೊಳಗೆ ಅದು ಬಿದ್ದ ಸ್ಥಳವು ಒಂದು ಯೋಜನದಷ್ಟು ಹಿಂದೆ ಸರಿದಿರುವುದು. ನಳನ ಈ ವಿದ್ಯೆಗೆ ವ್ಯಾಸರು ಕೊಟ್ಟ ಹೆಸರು ಅಶ್ವಹೃದಯ. ಕುದುರೆಯ ಹೃದಯವನ್ನು ಅರಿಯುವುದು ಎಂದು ಅದರ ಅರ್ಥ. ಮತ್ತೊಂದು ನಿದರ್ಶನ ಪ್ರದ್ಯುಮ್ನನ ಸಾರಥಿಯದು. ಸಾಲ್ವನೊಡನೆ ನಡೆದ ಯುದ್ಧದಲ್ಲಿ ಪ್ರದ್ಯುಮ್ನನು ಮೂರ್ಛೆಹೋಗಲು, ದಾರುಕನ ಮಗನು ರಥವನ್ನು ರಣರಂಗದಿಂದ ಹಿಂದಕ್ಕೆ ತಿರುಗಿಸುವನು. ಎಚ್ಚರಗೊಂಡ ಪ್ರದ್ಯುಮ್ನನು ತನಗೆ ಅಪಕೀರ್ತಿಯನ್ನು ತಂದೆಯೆಂದು ಅವನನ್ನು ಗದರಿಸಿದರೂ, ರಥಿಕನನ್ನು ಕಾಪಾಡುವುದೇ ಸಾರಥಿಯ ಧರ್ಮವೆಂದು ಆ ಸೂತಪುತ್ರನು ಅಳುಕದೆ ಉತ್ತರ ಕೊಡುವನು. ವೇಗವನ್ನು ಹೊಂದಿಸುವುದು ಒಂದು ವಿದ್ಯೆ. ಹಿಂದಿರುಗಬೇಕಾದ ಹೊತ್ತನ್ನು ಅರಿಯುವುದು ಅದಕ್ಕಿಂತ ಹಿರಿದಾದ ವಿದ್ಯೆ. ಈ ಎರಡೂ ಒಬ್ಬನಲ್ಲಿಯೇ ಸೇರುವುದು ಅಪೂರ್ವ. ಫಾಂಜಿಯೋನಲ್ಲಿ ಇವು ಸೇರಿದ್ದುವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಅವನ ಕಾಲದ ಪಂದ್ಯಗಳ ಸ್ವರೂಪವನ್ನು ಮೊದಲು ಅರಿಯಬೇಕು. ಮೋಟಾರು ಗಾಡಿಯು ಹುಟ್ಟಿದೊಡನೆಯೇ ಅದರ ಪಂದ್ಯವೂ ಹುಟ್ಟಿತು. ಆದರೆ ಪಂದ್ಯಕ್ಕೆಂದು ಪ್ರತ್ಯೇಕವಾದ ಹಾದಿಗಳು ಇರಲಿಲ್ಲ. ಊರಿಂದೂರಿಗೆ ಹೋಗುವ ಸಾಮಾನ್ಯ ರಸ್ತೆಗಳಲ್ಲಿಯೇ ಗಾಡಿಗಳು ಓಡುತ್ತಿದ್ದುವು. 1903ನೆಯ ಇಸವಿ ಮೇ ತಿಂಗಳಲ್ಲಿ ಪ್ಯಾರಿಸ್ಸಿನಿಂದ ಮ್ಯಾಡ್ರಿಡ್ಡಿಗೆ ಹೊರಟ ಪಂದ್ಯದಲ್ಲಿ ಸ್ಪರ್ಧಿಗಳೂ ದಾರಿಯ ಪಕ್ಕದ ಜನರೂ ಮಡಿದು, ಸರ್ಕಾರವು ಅದನ್ನು ಬೋರ್ಡೋ ನಗರದಲ್ಲಿಯೇ ನಿಲ್ಲಿಸಬೇಕಾಯಿತು. ರೆನೋ ಕಾರ್ಖಾನೆಯ ಸೋದರರಲ್ಲಿ ಒಬ್ಬನಾದ ಮಾರ್ಸೆಲ್ ರೆನೋ ಅದರಲ್ಲಿಯೇ ಪ್ರಾಣಬಿಟ್ಟನು. ಆದರೂ ಜನರ ಹುಚ್ಚು ಇಳಿಯಲಿಲ್ಲ. ಇಟಲಿಯಲ್ಲಿ 1927ರಲ್ಲಿ ಆರಂಭವಾದ ಮಿಲ್ಲೆ ಮಿಲ್ಯಾ, ಎಂದರೆ ಸಹಸ್ರ ಮೈಲಿ, ಎಂಬ ಪಂದ್ಯವು ಬ್ರೆಷಾ ನಗರದಿಂದ ರೋಮಿಗೆ ಹೋಗಿ ಹಿಂದಿರುಗುವ ಸುಮಾರು 1600 ಕಿಲೋಮೀಟರುಗಳ ಓಟ. ರಸ್ತೆಯ ಅಂಚಿನಲ್ಲಿ ಮರಗಳು, ಮೈಲಿಗಲ್ಲುಗಳು, ಸೇತುವೆಯ ಕಟ್ಟೆಗಳು. ಅವುಗಳ ಮಧ್ಯೆ ಮಕ್ಕಳನ್ನು ಎತ್ತಿಕೊಂಡು ನಿಂತ ಸಂಸಾರಗಳು. ಸ್ಪರ್ಧಿಯನ್ನು ಆಸನಕ್ಕೆ ಬಿಗಿಯುವ ಪಟ್ಟಿಯಿಲ್ಲ. ಬಹುಕಾಲ ಅವನ ತಲೆಯ ಮೇಲಿದ್ದುದು ಬಟ್ಟೆಯ ಟೊಪ್ಪಿಗೆ ಮಾತ್ರ; ಗಟ್ಟಿಯಾದ ಶಿರಸ್ತ್ರಾಣವು ಜಗತ್ಪಂದ್ಯಗಳಲ್ಲಿ ಕಡ್ಡಾಯವಾದದ್ದು 1952ರಲ್ಲಿ. ಇಂತಹ ಕಾಲದಲ್ಲಿ ಪಂದ್ಯಕ್ಕೆ ಇಳಿದವನು ಮುದುಕನಾಗುವುದೇ ಒಂದು ಆಶ್ಚರ್ಯ.

ಫಾಂಜಿಯೋ 1911ನೆಯ ಇಸವಿ ಜೂನ್ 24ರಂದು ಬಾಲ್ಕಾರ್ಸೆ ಎಂಬ ಊರಿನಲ್ಲಿ ಹುಟ್ಟಿದನು. ಅದು ಆಲೂಗೆಡ್ಡೆಯ ಬೆಳೆಗೆ ಹೆಸರಾದ ಒಕ್ಕಲುತನದ ಸೀಮೆ. ನಮ್ಮ ಕಬ್ಬಿನ ಸೀಮೆಯಂತೆಯೇ ಎನ್ನಬಹುದು. ಮನೆತನದವರು ಇಟಲಿಯಿಂದ ಬದುಕನ್ನು ಅರಸಿಕೊಂಡು ಬಂದವರು. ತಂದೆ ಕೂಲಿಯಿಂದ ಸಂಸಾರ ಸಾಗಿಸುತ್ತಿದ್ದವನು. ಹುಡುಗನ ಕಾಲುಗಳು ಸ್ವಲ್ಪ ಸೊಟ್ಟಗಿದ್ದುದರಿಂದ ಕಾಲ್ಚೆಂಡಿನ ಗೆಳೆಯರು ಅವನಿಗೆ "ಚುಯೆಕೋ", ಎಂದರೆ ಸೊಟ್ಟಗಾಲ, ಎಂದು ಅಡ್ಡಹೆಸರಿಟ್ಟರು. ಅವನು ಜಗತ್ಪ್ರಸಿದ್ಧನಾದ ಮೇಲೂ ದೇಶದ ಜನರು ಪ್ರೀತಿಯಿಂದ ಕರೆದದ್ದು ಅದೇ ಹೆಸರಿನಿಂದ. ಮೀಸೆ ಮೂಡುವ ಮುಂಚೆಯೇ ಅವನು ಮೋಟಾರು ರಿಪೇರಿಯ ಅಂಗಡಿಯನ್ನು ಸೇರಿ ಕೈಗೆ ಎಣ್ಣೆ ಮೆತ್ತಿಕೊಂಡನು. ಮುಂದೆ ಗೆಳೆಯರೊಡನೆ ಸ್ವಂತ ಅಂಗಡಿಯನ್ನು ತೆರೆದನು. ನಳನದು ಅಶ್ವಹೃದಯವಾದರೆ ಇವನದು ಯಂತ್ರಹೃದಯ. ಇಂಜಿನ್ನಿನ ಶಬ್ದದಲ್ಲಿ ಕಿಂಚಿತ್ತು ವ್ಯತ್ಯಾಸವಾದರೂ ಅದರ ನೋವು ಎಲ್ಲಿಯದೆಂದು ಇವನಿಗೆ ತಿಳಿಯುತ್ತಿತ್ತು. ಗಾಡಿಯನ್ನು ಗದ್ದುಗೆಯ ಮೇಲೆ ಕುಳಿತು ಕಲಿತವನಲ್ಲ. ಅದರ ಅಡಿಯಲ್ಲಿ ಮಲಗಿ ಕಲಿತವನು.

1936ರಲ್ಲಿ ಅವನು ಮೊಟ್ಟಮೊದಲು ಪಂದ್ಯಕ್ಕೆ ಇಳಿದನು. ಗಾಡಿಯು ಬಾಡಿಗೆಗೆ ಓಡುತ್ತಿದ್ದ ಒಂದು ಫೋರ್ಡು. ಹೆಸರು ಕೂಡ ಸ್ವಂತದ್ದಲ್ಲ, "ರಿವಾಡಾವಿಯಾ" ಎಂಬ ಮರೆಹೆಸರು. ತರುವಾಯ ಊರಿನವರೇ ಹಣ ಕೂಡಿಸಿ ಅವನಿಗೆ ಒಂದು ಷೆವರ್ಲೆ ಗಾಡಿಯನ್ನು ಒದಗಿಸಿದರು. 1940ರಲ್ಲಿ ಬ್ಯೂನಸ್ ಐರಿಸ್ ನಗರದಿಂದ ಪೆರು ದೇಶದ ಲೀಮಾ ನಗರಕ್ಕೆ ಹೋಗಿ ಹಿಂದಿರುಗುವ ಮಹಾಪಂದ್ಯವು ನಡೆಯಿತು. 9000 ಕಿಲೋಮೀಟರುಗಳನ್ನು ಮೀರಿದ ದಾರಿ. ಆಂಡೀಸ್ ಪರ್ವತಶ್ರೇಣಿಯ ಮೇಲೆ ಉಸಿರು ಕಟ್ಟುವ ಎತ್ತರ, ಕೆಳಗೆ ಮರಳುಗಾಡು, ಬಹುಪಾಲು ಮಣ್ಣಿನ ರಸ್ತೆ. ಗಾಡಿ ಕೆಟ್ಟರೆ ಸ್ಪರ್ಧಿಯೇ ಬಿಚ್ಚಿ ಕಟ್ಟಬೇಕು. ಆ ಪಂದ್ಯವನ್ನು ಗೆದ್ದವನು ಫಾಂಜಿಯೋ. ಆ ವರ್ಷವೂ ಮರುವರ್ಷವೂ ಅವನು ತನ್ನ ದೇಶದ ರಸ್ತೆ ಪಂದ್ಯಗಳ ಅಗ್ರಪಟ್ಟವನ್ನು ಪಡೆದನು. ಅಷ್ಟರಲ್ಲಿ ಮಹಾಯುದ್ಧದ ನಿಮಿತ್ತ ಪಂದ್ಯಗಳು ನಿಂತುಹೋದುವು.

ಇಲ್ಲಿ ಒಂದು ದುಃಖದ ಸಂಗತಿಯನ್ನು ಮರೆಮಾಚದೆ ಹೇಳಬೇಕು. ಹೊಗಳುವವನು ಕಹಿಯನ್ನು ಬಚ್ಚಿಟ್ಟರೆ ಆ ಹೊಗಳಿಕೆಗೆ ಬೆಲೆಯಿಲ್ಲ. 1948ರ ಅಕ್ಟೋಬರಿನಲ್ಲಿ ಬ್ಯೂನಸ್ ಐರಿಸ್ಸಿನಿಂದ ಕರಾಕಾಸ್ ನಗರಕ್ಕೆ ಹೋಗುವ ಪಂದ್ಯದಲ್ಲಿ, ಪೆರು ದೇಶದ ಹುವಾಂಚಾಕೋ ಎಂಬಲ್ಲಿ, ಫಾಂಜಿಯೋ ನಡೆಸುತ್ತಿದ್ದ ಗಾಡಿಯು ರಸ್ತೆಯನ್ನು ಬಿಟ್ಟು ಉರುಳಿತು. ಅವನ ಪಕ್ಕದಲ್ಲಿ ಕುಳಿತಿದ್ದ ಸಹಾಯಕನೂ ಮಿತ್ರನೂ ಆದ ಡಾನಿಯಲ್ ಉರ್ರುತಿಯಾ ಮೃತನಾದನು. ಚುಕ್ಕಾಣಿ ಇದ್ದುದು ಫಾಂಜಿಯೋನ ಕೈಯಲ್ಲಿ. ಪಂದ್ಯದ ಬದುಕನ್ನೇ ಬಿಟ್ಟುಬಿಡಬೇಕೆಂದು ಅವನು ಆಗ ಚಿಂತಿಸಿದನು. ಬಿಡಲಿಲ್ಲ, ಆದರೆ ಆ ನೆನಪು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಅವನ ಮುಂದಿನ ಎಚ್ಚರವು ಹುಟ್ಟುಗುಣವಾಗಿರಲಿಲ್ಲವೆಂದು ನನಗೆ ತೋರುವುದು; ಅದು ದೊಡ್ಡ ಬೆಲೆಯನ್ನು ತೆತ್ತು ಕಲಿತ ಪಾಠ.

1949ರಲ್ಲಿ ಅವನು ಯೂರೋಪಿಗೆ ಹೋದನು. ಆಗ ಅವನಿಗೆ 38 ವರ್ಷ. ಇತರರು ವಿಶ್ರಮಿಸುವ ವಯಸ್ಸಿನಲ್ಲಿ ಇವನದು ಆರಂಭ. ಮರುವರ್ಷ ಜಗತ್ತಿನ ಅಗ್ರಪಟ್ಟಕ್ಕಾಗಿ ಪಂದ್ಯಗಳ ಮಾಲೆಯು ಏರ್ಪಟ್ಟಿತು. ಆ ಮಾಲೆಯ ಎರಡನೆಯ ಪಂದ್ಯವು 1950ರ ಮೇ 21ರಂದು ಮೊನಾಕೋ ಎಂಬ ಕಡಲತೀರದ ಪುಟ್ಟ ಸಂಸ್ಥಾನದ ಬೀದಿಗಳಲ್ಲಿ ನಡೆಯಿತು. ಫಾಂಜಿಯೋ ಎಲ್ಲರಿಗಿಂತ ಮುಂದಿದ್ದನು. ಮೊದಲನೆಯ ಸುತ್ತಿನಲ್ಲಿ, ಅವನು ದಾಟಿಹೋದ ಮೇಲೆ, ಸಮುದ್ರದ ಅಲೆಯಿಂದ ತೊಯ್ದ ತಿರುವಿನಲ್ಲಿ ಒಂದು ಗಾಡಿ ಜಾರಲು, ಹಿಂದಿನವುಗಳಲ್ಲಿ ಅನೇಕವು ಒಂದರಮೇಲೊಂದು ಬಿದ್ದು ಹಾದಿಯೇ ಮುಚ್ಚಿಹೋಯಿತು. ಎರಡನೆಯ ಸುತ್ತಿನಲ್ಲಿ ಮಹಾವೇಗದಿಂದ ಬರುತ್ತಿದ್ದ ಫಾಂಜಿಯೋನಿಗೆ ಇದು ಕಾಣುವಂತಿರಲಿಲ್ಲ. ಅವನಿಗೆ ಕಂಡದ್ದು ಪ್ರೇಕ್ಷಕರು. ಮುಂದಾಳಾದ ತನ್ನ ಕಡೆಗೆ ತಿರುಗಿರಬೇಕಾದ ಮುಖಗಳು ತನ್ನನ್ನು ನೋಡದೆ ಮತ್ತೆಲ್ಲಿಗೋ ತಿರುಗಿದ್ದುವು. ಜನರ ಕಣ್ಣನ್ನು ಸೆಳೆಯುವಂಥದು ಏನೋ ಮುಂದೆ ಇದೆಯೆಂದು ಊಹಿಸಿ ಅವನು ಆ ಕ್ಷಣದಲ್ಲಿಯೇ ಬ್ರೇಕು ಹಾಕಿದನು. ರಾಶಿಬಿದ್ದ ಗಾಡಿಗಳ ನಡುವೆ ಮೆಲ್ಲನೆ ನುಸುಳಿ, ಮುಂದೆ ಓಡಿ, ಪಂದ್ಯವನ್ನು ಗೆದ್ದನು. ತರ್ಕಶಾಸ್ತ್ರದಲ್ಲಿ ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವುದನ್ನು ನಾವು ವರ್ಷಗಟ್ಟಲೆ ಪಠಿಸುವೆವು. ಇವನು ಕಣ್ಣು ಮಿಟುಕಿಸುವುದರೊಳಗೆ ಅನುಮಾನವನ್ನು ಮುಗಿಸಿ ತನ್ನ ಪ್ರಾಣವನ್ನೂ ಉಳಿಸಿಕೊಂಡನು.

1951ರಲ್ಲಿ ಆಲ್ಫಾ ರೋಮಿಯೋ ಗಾಡಿಯಲ್ಲಿ ಅವನು ಜಗತ್ತಿನ ಅಗ್ರಪಟ್ಟವನ್ನು ಪಡೆದನು. ಮರುವರ್ಷವೇ ಒಂದು ಪತನ. 1952ರ ಜೂನ್ 7ರಂದು ಅವನು ಐರ್ಲೆಂಡಿನ ಪಂದ್ಯದಲ್ಲಿ ಓಡಿದನು. ಮಾರನೆಯ ದಿನ ಇಟಲಿಯ ಮೊಂಜಾದಲ್ಲಿ ಮತ್ತೊಂದಕ್ಕೆ ಮಾತು ಕೊಟ್ಟಿದ್ದನು. ವಿಮಾನವು ದೊರೆಯದೆ ಪ್ಯಾರಿಸ್ಸಿನಿಂದ ರಾತ್ರಿಯೆಲ್ಲ ತಾನೇ ಗಾಡಿಯನ್ನು ನಡೆಸಿಕೊಂಡು ಆಲ್ಪ್ಸ್ ಪರ್ವತವನ್ನು ದಾಟಿ, ಪಂದ್ಯಕ್ಕೆ ಅರ್ಧ ಗಂಟೆ ಇರುವಾಗ ಬಂದು ಸೇರಿದನು. ನಿದ್ರೆಯಿಲ್ಲ, ಅಭ್ಯಾಸದ ಸುತ್ತೂ ಇಲ್ಲ. ಎಲ್ಲರ ಹಿಂದಿನಿಂದ ಹೊರಟು ಎರಡನೆಯ ಸುತ್ತಿನಲ್ಲಿಯೇ ಗಾಡಿಯು ಮಗುಚಿ, ಕತ್ತಿನ ಎಲುಬು ಮುರಿಯಿತು. ಆ ವರ್ಷ ಪೂರ್ತಿ ಹಾಸಿಗೆ ಮತ್ತು ವಿಶ್ರಾಂತಿ. ದಣಿದ ಶರೀರದಿಂದ ಪಂದ್ಯಕ್ಕೆ ಇಳಿಯಬಾರದೆಂಬುದನ್ನು ಅವನು ಆಗ ಕಲಿತನು. ಕಡಿವಾಣವು ಸಡಿಲವಾದರೆ ಎಂತಹ ಕುದುರೆಯೂ ಹಳ್ಳಕ್ಕೆ ಬೀಳುವುದು. ಉಪನಿಷತ್ತಿನ ಮಾತಿಗೆ ಇದಕ್ಕಿಂತ ನೇರವಾದ ಭಾಷ್ಯ ಬೇಕೇ?

ಗುಣವಾಗಿ ಹಿಂದಿರುಗಿದ ಫಾಂಜಿಯೋ 1953ರ ಮಿಲ್ಲೆ ಮಿಲ್ಯಾದಲ್ಲಿ ಎರಡನೆಯವನಾದನು. ಅದರ ಕೊನೆಯ ಭಾಗದಲ್ಲಿ ಅವನ ಗಾಡಿಯ ಚುಕ್ಕಾಣಿಗೆ ಮುಂದಿನ ಎರಡು ಗಾಲಿಗಳ ಪೈಕಿ ಒಂದು ಮಾತ್ರ ಅಧೀನವಾಗಿತ್ತು. ಬಳಿಕ 1954, 1955, 1956 ಮತ್ತು 1957 ಈ ನಾಲ್ಕು ವರ್ಷಗಳೂ ಅಗ್ರಪಟ್ಟವು ಅವನದೇ ಆಯಿತು. ಆಲ್ಫಾ ರೋಮಿಯೋ, ಮಾಸೆರಾಟಿ, ಮರ್ಸಿಡಿಸ್, ಫೆರಾರಿ ಎಂಬ ನಾಲ್ಕು ಕಾರ್ಖಾನೆಗಳ ಗಾಡಿಗಳಲ್ಲಿ ಒಟ್ಟು ಐದು ಪಟ್ಟಗಳು. ಅಗ್ರಪಟ್ಟಕ್ಕೆ ಸಲ್ಲುವ 51 ಪಂದ್ಯಗಳಲ್ಲಿ ಓಡಿ 24ನ್ನು ಗೆದ್ದನು. ಐದು ಪಟ್ಟಗಳೆಂಬ ಆ ಮೇರೆಯನ್ನು ಜರ್ಮನಿಯ ಮೈಕೇಲ್ ಷೂಮಾಕರನು 2003ರಲ್ಲಿ ಮೀರುವವರೆಗೆ ಬೇರೊಬ್ಬರು ಮೀರಲಿಲ್ಲ.

ಆದರೆ ಈ ಅಂಕಿಗಳ ಹಿಂದೆ ಸಾವಿನ ಒಂದು ದೊಡ್ಡ ಪಟ್ಟಿಯಿದೆ. 1954ರ ಜುಲೈ 31ರಂದು ಜರ್ಮನಿಯ ನ್ಯೂರ್ಬರ್ಗ್ ಹಾದಿಯಲ್ಲಿ, ಫಾಂಜಿಯೋ ಕೈಹಿಡಿದು ಬೆಳೆಸಿದ್ದ ಅರ್ಜೆಂಟೀನಾದ ತರುಣ ಒನೋಫ್ರೆ ಮರಿಮೋನನು ಅಭ್ಯಾಸದ ಓಟದಲ್ಲಿ ಮಡಿದನು. ಮರುದಿನ ಅದೇ ಹಾದಿಯಲ್ಲಿ ಫಾಂಜಿಯೋ ಓಡಿ ಗೆದ್ದನು. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ ಎಂಬಲ್ಲಿ ಮೋಟಾರು ಪಂದ್ಯಗಳ ಚರಿತ್ರೆಯಲ್ಲಿಯೇ ಅತಿ ಘೋರವಾದ ದುರಂತವು ನಡೆಯಿತು. ಫಾಂಜಿಯೋನ ಮುಂದೆಯೇ ಹೋಗುತ್ತಿದ್ದ ಪಿಯೇರ್ ಲೆವೆಗ್ ಎಂಬಾತನ ಗಾಡಿಯು ಮತ್ತೊಂದಕ್ಕೆ ತಾಗಿ, ಹಾರಿ, ಚೂರು ಚೂರಾಗಿ ಜನಸಂದಣಿಯ ಮೇಲೆ ಬಿದ್ದು, ಲೆವೆಗನೂ 80ಕ್ಕೆ ಮೀರಿದ ಪ್ರೇಕ್ಷಕರೂ ಸತ್ತರು. ತಾಗುವುದಕ್ಕೆ ಮುಂಚೆ ಲೆವೆಗನು ಕೈಯೆತ್ತಿ ತನಗೆ ಎಚ್ಚರಿಕೆ ಕೊಟ್ಟನೆಂದೂ, ತಾನು ಬದುಕಿದ್ದು ಆ ಕೈಯಿಂದಲೇ ಎಂದೂ ಫಾಂಜಿಯೋ ಹೇಳುತ್ತಿದ್ದನು. 1957ರ ಮೇ 12ರಂದು ಮಿಲ್ಲೆ ಮಿಲ್ಯಾದಲ್ಲಿ ಸ್ಪೇನಿನ ದೆ ಪೋರ್ತಾಗೋ ಎಂಬಾತನ ಗಾಡಿಯು ಗ್ವಿದಿಜ್ಜೋಲೋ ಗ್ರಾಮದ ಬಳಿ ರಸ್ತೆಯನ್ನು ಬಿಡಲು, ಅವನೂ ಅವನ ಜೊತೆಗಾರನೂ ಒಂಬತ್ತು ಮಂದಿ ಪ್ರೇಕ್ಷಕರೂ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಇಟಲಿಯ ಸಾಮಾನ್ಯ ರಸ್ತೆಗಳಲ್ಲಿ ಮಿಲ್ಲೆ ಮಿಲ್ಯಾ ಪಂದ್ಯದ ಕಥೆ ಅಲ್ಲಿಗೆ ಮುಗಿಯಿತು.

ಇನ್ನು ಫಾಂಜಿಯೋನ ಕೀರ್ತಿಯ ಶಿಖರವನ್ನು ಹೇಳಬೇಕು. 1957ರ ಆಗಸ್ಟ್ 4ರಂದು ಅದೇ ನ್ಯೂರ್ಬರ್ಗಿನಲ್ಲಿ ಜರ್ಮನಿಯ ಮಹಾಪಂದ್ಯ. ಆ ಹಾದಿಯ ಒಂದು ಸುತ್ತು ಸುಮಾರು 22.8 ಕಿಲೋಮೀಟರು; ಕಾಡು, ಏರು, ಇಳಿಜಾರು, ಲೆಕ್ಕವಿಲ್ಲದ ತಿರುವುಗಳು. ಅಂತಹ 22 ಸುತ್ತುಗಳನ್ನು ಓಡಬೇಕು. ಫಾಂಜಿಯೋನಿಗೆ 46 ವರ್ಷ. ಅವನ ಎದುರಾಳಿಗಳು ಫೆರಾರಿ ಗಾಡಿಯ ಇಬ್ಬರು ಆಂಗ್ಲ ತರುಣರು, ಮೈಕ್ ಹಾಥಾರ್ನ್ ಮತ್ತು ಪೀಟರ್ ಕಾಲಿನ್ಸ್. ಈ ಕಾಲಿನ್ಸನೇ ಹಿಂದಿನ ವರ್ಷ ಮೊಂಜಾದಲ್ಲಿ, ತನಗೂ ಪಟ್ಟ ದೊರೆಯುವ ಸಂಭವವಿದ್ದಾಗ, ತನ್ನ ಗಾಡಿಯಿಂದ ಇಳಿದು ಅದನ್ನು ಫಾಂಜಿಯೋನಿಗೆ ಬಿಟ್ಟುಕೊಟ್ಟ ಉದಾರಿ. ಫಾಂಜಿಯೋ ಅರ್ಧ ಮಾತ್ರ ಎಣ್ಣೆ ತುಂಬಿಸಿಕೊಂಡು ಹಗುರಾಗಿ ಹೊರಟು, ಮುನ್ನಡೆಯನ್ನು ಗಳಿಸಿ, ನಡುವೆ ನಿಂತು ಎಣ್ಣೆಯನ್ನೂ ಟೈರುಗಳನ್ನೂ ಪಡೆಯುವ ಉಪಾಯ ಹೂಡಿದ್ದನು. ನಿಂತಾಗ ಕೆಲಸಗಾರರ ಕೈ ತಡವಾಯಿತು. ಗಳಿಸಿದ್ದೆಲ್ಲವೂ ಹೋಗಿ, ಹೊರಬಿದ್ದಾಗ ಅವನು ಸುಮಾರು 50 ಸೆಕೆಂಡುಗಳಷ್ಟು ಹಿಂದೆ ಬಿದ್ದಿದ್ದನು.

ಇಂತಹ ಸಮಯದಲ್ಲಿ ಸಾಮಾನ್ಯನು ಕೋಪಗೊಳ್ಳುವನು. ಫಾಂಜಿಯೋ ಹೊಸ ಟೈರುಗಳು ಹದಕ್ಕೆ ಬರುವವರೆಗೆ ಕಾದನು. ಎದುರಾಳಿಗಳ ಪಾಳೆಯದವರು ಮುದುಕನು ಸೋತನೆಂದು ಬಗೆದರು. ಆಮೇಲೆ ಆ ಹಾದಿಯಲ್ಲಿ ಅದುವರೆಗೆ ಯಾರೂ ಕಾಣದ ಓಟವು ಆರಂಭವಾಯಿತು. ಇತರರು ಗೇರನ್ನು ಇಳಿಸುವ ತಿರುವುಗಳಲ್ಲಿ ಅವನು ಒಂದು ಗೇರು ಮೇಲೆಯೇ ನಡೆಸಿದನು. ತಾನೇ ಸ್ಥಾಪಿಸಿದ್ದ ದಾಖಲೆಯನ್ನು ಸುತ್ತು ಸುತ್ತಿಗೂ ತಾನೇ ಮುರಿಯುತ್ತ ಹೋದನು. ಹಿಂದಿನ ವರ್ಷ ಪಂದ್ಯದಲ್ಲಿ ಅವನ ದಾಖಲೆ 9 ನಿಮಿಷ 41.6 ಸೆಕೆಂಡು, ಈ ದಿನ ಅದು 9 ನಿಮಿಷ 17.4 ಸೆಕೆಂಡಿಗೆ ಇಳಿಯಿತು. ಕೊನೆಯದಕ್ಕೆ ಹಿಂದಿನ ಸುತ್ತಿನಲ್ಲಿ ಮೊದಲು ಕಾಲಿನ್ಸನನ್ನೂ ಬಳಿಕ ಹಾಥಾರ್ನನನ್ನೂ ದಾಟಿ, 3.6 ಸೆಕೆಂಡುಗಳ ಅಂತರದಿಂದ ಗೆದ್ದನು. ಸೋತ ತರುಣರಿಬ್ಬರೂ ತಾವೇ ಗೆದ್ದವರಂತೆ ಸಂತೋಷಪಟ್ಟು ಅವನನ್ನು ಅಭಿನಂದಿಸಿದರು.

ಈ ಜಯವನ್ನು ಹೊಗಳದ ಗ್ರಂಥಕಾರನಿಲ್ಲ. ಆದರೆ ನನಗೆ ಹೆಚ್ಚು ಮಹತ್ತ್ವದ್ದಾಗಿ ತೋರುವುದು ಆ ದಿನದ ವಿಷಯವಾಗಿ ಅವನೇ ಮುಂದೆ ಹೇಳಿದ ಅಭಿಪ್ರಾಯ. ತಾನು ಅಂದು ಓಡಿಸಿದಂತೆ ಹಿಂದೆ ಎಂದೂ ಓಡಿಸಿರಲಿಲ್ಲ, ಇನ್ನೆಂದೂ ಓಡಿಸಲಾರೆನು ಎಂದನು. ಜಯದ ಮತ್ತಿನಲ್ಲಿ ಮತ್ತೊಬ್ಬನು ನನಗೆ ಮೇರೆಯೇ ಇಲ್ಲವೆನ್ನುತ್ತಿದ್ದನು. ಇವನು ಮೇರೆಯನ್ನು ಕಂಡೆನೆಂದನು. ಅದು ಅವನ ಕಟ್ಟಕಡೆಯ ಜಗತ್ಪಂದ್ಯದ ಜಯವಾಯಿತು.

1958ರ ಫೆಬ್ರವರಿಯಲ್ಲಿ ಕ್ಯೂಬಾ ದೇಶದ ಹವಾನಾ ನಗರದಲ್ಲಿ ಅಲ್ಲಿಯ ಕ್ರಾಂತಿಕಾರರು, ಸರ್ಕಾರಕ್ಕೆ ಅವಮಾನ ಮಾಡುವ ಸಲುವಾಗಿ, ಅವನನ್ನು ಹೋಟೆಲಿನಿಂದ ಅಪಹರಿಸಿ ಪಂದ್ಯವು ಮುಗಿದ ಮೇಲೆ ಬಿಟ್ಟುಕೊಟ್ಟರು. ಅವರು ತನ್ನನ್ನು ಮರ್ಯಾದೆಯಿಂದ ನಡೆಸಿಕೊಂಡರೆಂದು ಹೇಳಿದನೇ ಹೊರತು ದೂರಲಿಲ್ಲ. ಅದೇ ವರ್ಷ ಜುಲೈ 6ರಂದು ಫ್ರಾನ್ಸಿನ ರಾನ್ಸ್ ನಗರದ ಪಂದ್ಯದಲ್ಲಿ ಅವನು ನಾಲ್ಕನೆಯವನಾದನು. ಪಂದ್ಯದ ಕೊನೆಯಲ್ಲಿ ಮುಂದಾಳಾಗಿದ್ದ ಹಾಥಾರ್ನನು ಅವನನ್ನು ಒಂದು ಸುತ್ತು ಹಿಂದೆ ಹಾಕುವಷ್ಟು ಸಮೀಪಕ್ಕೆ ಬಂದಿದ್ದರೂ, ಹಿರಿಯನನ್ನು ದಾಟುವುದು ಗೌರವವಲ್ಲವೆಂದು ವೇಗವನ್ನು ತಗ್ಗಿಸಿ ಹಿಂದೆಯೇ ಉಳಿದನು. ಗುರುವಿನ ಮುಂದೆ ನಡೆಯಬಾರದೆಂಬ ನಮ್ಮ ಶಿಷ್ಟಾಚಾರವನ್ನು ಆ ಆಂಗ್ಲನಿಗೆ ಯಾರೂ ಕಲಿಸಿರಲಿಲ್ಲ. ಅದೇ ಪಂದ್ಯದಲ್ಲಿ ಇಟಲಿಯ ಲ್ವೀಜಿ ಮುಸ್ಸೋ ಮಡಿದನು. ಫಾಂಜಿಯೋ ಗಾಡಿಯಿಂದ ಇಳಿದು, ಇನ್ನು ಮುಗಿಯಿತೆಂದನು. ಮತ್ತೆ ಅಗ್ರಪಟ್ಟದ ಪಂದ್ಯಕ್ಕೆ ಏರಲಿಲ್ಲ. ಯಾರೂ ಅವನನ್ನು ಇಳಿಯೆಂದು ಹೇಳಿರಲಿಲ್ಲ. ಗಾಡಿಯನ್ನು ಕೊಡುವವರೂ ಹಣವನ್ನು ಸುರಿಯುವವರೂ ಬೇಕಾದಷ್ಟು ಮಂದಿ ಇದ್ದರು. ದಾರುಕನ ಮಗನು ರಥವನ್ನು ತಿರುಗಿಸಿದಂತೆ ಇವನು ತನ್ನನ್ನು ತಾನೇ ತಿರುಗಿಸಿಕೊಂಡನು. ಒಳಗಿದ್ದ ರಥಿಕನೂ ಗದರಿಸಿರಬೇಕು; ಸಾರಥಿಯ ಮಾತು ಗೆದ್ದಿತು.

ಆ ತರುಣರಿಬ್ಬರ ಗತಿಯೇನಾಯಿತು? ರಾನ್ಸಿನ ಪಂದ್ಯವಾಗಿ ನಾಲ್ಕು ವಾರಗಳಾಗುವಷ್ಟರಲ್ಲಿ, 1958ರ ಆಗಸ್ಟ್ 3ರಂದು, ಅದೇ ನ್ಯೂರ್ಬರ್ಗಿನಲ್ಲಿ ಕಾಲಿನ್ಸನು ಮರಕ್ಕೆ ಬಡಿದು ಸತ್ತನು. ಅವನಿಗೆ 26 ವರ್ಷ. ಹಾಥಾರ್ನನು ಆ ವರ್ಷದ ಅಗ್ರಪಟ್ಟವನ್ನು ಪಡೆದು, ಮಿತ್ರನ ಸಾವಿನಿಂದ ಬೇಸತ್ತು ಪಂದ್ಯಗಳಿಗೆ ಶರಣು ಹೊಡೆದನು. ಆದರೆ 1959ರ ಜನವರಿ 22ರಂದು, ಇಂಗ್ಲೆಂಡಿನ ಗಿಲ್‌ಫರ್ಡ್ ಬಳಿ, ಎಲ್ಲರೂ ಓಡಾಡುವ ಸಾಮಾನ್ಯ ರಸ್ತೆಯಲ್ಲಿ, ಮಳೆಯಿಂದ ನೆನೆದ ನೆಲದ ಮೇಲೆ ಪರಿಚಿತನೊಬ್ಬನ ಗಾಡಿಯನ್ನು ವೇಗದಿಂದ ದಾಟಿಹೋದವನು, ಹಿಡಿತ ತಪ್ಪಿ ಮರಕ್ಕೆ ಬಡಿದು ಮೃತನಾದನು. ಅವನಿಗೆ 29 ವರ್ಷ. ಜಗತ್ತಿನ ಅಗ್ರಪಟ್ಟವು ತಲೆಯ ಮೇಲಿದ್ದವನನ್ನು ಪಂದ್ಯದ ಹಾದಿಯು ಕೊಲ್ಲಲಿಲ್ಲ. ಮನೆಯ ಮುಂದಿನ ರಸ್ತೆಯು ಕೊಂದಿತು. ಈ ವಾಕ್ಯವನ್ನು ಬರೆಯುವಾಗ ನನ್ನ ಕೈ ಸ್ವಲ್ಪ ಹೊತ್ತು ನಿಂತಿತು.

ಫಾಂಜಿಯೋ ಬದುಕಿದನು. ಬ್ಯೂನಸ್ ಐರಿಸ್ಸಿನಲ್ಲಿ ಮರ್ಸಿಡಿಸ್ ಗಾಡಿಗಳ ವ್ಯಾಪಾರವನ್ನು ನಡೆಸಿದನು. ಹುಟ್ಟಿದ ಊರಿನಲ್ಲಿ 1986ರಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯವು ತೆರೆಯಿತು. ಹೊಸ ತಲೆಮಾರಿನ ಸ್ಪರ್ಧಿಗಳು ಅವನನ್ನು ತಾತನಂತೆ ಕಂಡರು. 1995ರ ಜುಲೈ 17ರಂದು, 84ನೆಯ ವಯಸ್ಸಿನಲ್ಲಿ, ಅವನು ಕಾಲವಾದನು. ಆಲೂಗೆಡ್ಡೆ ಬೆಳೆಯುವ ಆ ಊರಿನ ಮಣ್ಣಿಗೇ ಸೇರಿದನು.

ಇಷ್ಟನ್ನೂ ಓದಿದ ಮೇಲೆ, ಯಾವ ಲೋಕೋಪಕಾರವೂ ಇಲ್ಲದ ಆಟಕ್ಕಾಗಿ ಪ್ರಾಣವನ್ನು ಒಡ್ಡಿದವರನ್ನು ಮೆಚ್ಚುವುದು ಸರಿಯೇ ಎಂಬ ಪ್ರಶ್ನೆ ಏಳುವುದು ಸಹಜ. ಆ ಪಂದ್ಯಗಳನ್ನು ನಾನು ಮೆಚ್ಚಲಾರೆನು. ಗ್ವಿದಿಜ್ಜೋಲೋ ಗ್ರಾಮದ ಐದು ಮಕ್ಕಳ ಮುಂದೆ ಯಾವ ಪದಕವೂ ನಿಲ್ಲುವುದಿಲ್ಲ. ಫಾಂಜಿಯೋ ಬದುಕಿದ್ದರಲ್ಲಿ ಅದೃಷ್ಟದ ಪಾಲೂ ಇದ್ದಿತು. ಲೆವೆಗನ ಕೈ ಮೇಲೇಳದಿದ್ದರೆ ಈ ಚರಿತ್ರೆಯು 1955ರಲ್ಲಿಯೇ ಮುಗಿಯುತ್ತಿತ್ತು. ಆದರೆ ಅದೃಷ್ಟವು ಒಂದು ಸಲ ಕಾಯುವುದು, ಎರಡು ಸಲ ಕಾಯುವುದು. ಇಪ್ಪತ್ತು ವರ್ಷಗಳಿಗೂ ಮೀರಿ ಕಾದದ್ದು ಬೇರೆ ಯಾವುದೋ ಇರಬೇಕು. ಕೃಷ್ಣರಾಜಪೇಟೆಯ ಸಮೀಪದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಪೀಠವನ್ನು ನೋಡಿದವರಿಗೆ ಅಲ್ಲಿಯ ಸಾಲುಗಳ ಕ್ರಮವು ನೆನಪಿರಬಹುದು. ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆಯ ಸವಾರರು, ಇನ್ನೂ ಮೇಲೆ ರಾಮಾಯಣ ಭಾರತಗಳ ಕಥೆ, ಎಲ್ಲಕ್ಕೂ ಮೇಲೆ ಹಂಸಗಳು. ಬಲವು ತಳದಲ್ಲಿ, ವೇಗವು ಬಲದ ಮೇಲೆ, ಧರ್ಮಾಧರ್ಮಗಳ ವಿಚಾರವು ವೇಗದ ಮೇಲೆ, ನೀರನ್ನೂ ಹಾಲನ್ನೂ ಬೇರ್ಪಡಿಸುವ ವಿವೇಕವು ತುದಿಯಲ್ಲಿ. ಶಿಲ್ಪಿಯ ಅಭಿಪ್ರಾಯವು ಇದೇ ಎಂದು ಹೇಳಲಾರೆನು. ನೋಡುವಾಗ ನನಗೆ ಹಾಗೆ ತೋರುವುದು. ಫಾಂಜಿಯೋನಲ್ಲಿ ನಾನು ಮೆಚ್ಚುವುದು ಕುದುರೆಯ ಸಾಲನ್ನಲ್ಲ, ಹಂಸದ ಸಾಲನ್ನು.

ಕೊನೆಯಲ್ಲಿ ಹೇಳುವೆನೆಂದ ಎರಡನೆಯ ಸಮಾಧಾನವು ಇದು. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 118 ಕಿಲೋಮೀಟರುಗಳ ಹೊಸ ಹೆದ್ದಾರಿಯು 2023ರ ಮಾರ್ಚಿ 12ರಂದು ಉದ್ಘಾಟನೆಯಾಗಿ ನಮ್ಮ ಜಿಲ್ಲೆಯ ನಡುವೆಯೇ ಹಾದುಹೋಗಿರುವುದನ್ನು ಎಲ್ಲರೂ ಬಲ್ಲರು. ಅಲ್ಲಿ ಸಂಭವಿಸಿದ ಅಪಘಾತಗಳ ಕಾರಣದಿಂದ ಅದೇ ವರ್ಷ ಆಗಸ್ಟ್ 1ರಿಂದ ಮೋಟಾರು ಬೈಕು, ಆಟೋ, ಟ್ರಾಕ್ಟರು ಮುಂತಾದವನ್ನು ಅದರ ಮುಖ್ಯ ಹಾದಿಯಲ್ಲಿ ನಿಷೇಧಿಸಬೇಕಾಯಿತು. ನಿಷೇಧವು ರಸ್ತೆಗೆ, ಹುಡುಗರ ಮನಸ್ಸಿಗಲ್ಲ. ನಾಗಮಂಗಲದಿಂದಲೂ ಪಾಂಡವಪುರದಿಂದಲೂ ಹೊರಡುವ ಒಳರಸ್ತೆಗಳಲ್ಲಿ ಸಂಜೆಯ ಹೊತ್ತು ನಿಂತರೆ ಅದರ ಸದ್ದು ಕೇಳಿಸುವುದು. ನನ್ನ ಬಳಿ ಸಂಸ್ಕೃತವನ್ನು ಕಲಿತ ಹುಡುಗನೊಬ್ಬನಿದ್ದನು. ನಳೋಪಾಖ್ಯಾನವನ್ನು ಅವನಷ್ಟು ಆಸೆಯಿಂದ ಕೇಳಿದವರಿಲ್ಲ. ಉತ್ತರೀಯವು ಜಾರಿ ಬೀಳುವ ಸಂದರ್ಭವು ಬಂದಾಗ, "ಇನ್ನೊಂದು ಸಲ ಹೇಳಿ, ಸಾರ್" ಎಂದು ಕಣ್ಣರಳಿಸುತ್ತಿದ್ದನು. ಕಾಲೇಜನ್ನು ಮುಗಿಸಿದ ವರ್ಷವೇ, ಒಂದು ರಾತ್ರಿ, ಗೆಳೆಯನೊಡನೆ ಪಂತ ಕಟ್ಟಿ ಬೈಕನ್ನು ಓಡಿಸಿ, ಶ್ರೀರಂಗಪಟ್ಟಣದ ಕಡೆಯ ರಸ್ತೆಯಲ್ಲಿ ಹೋಗಿಬಿಟ್ಟನು. ಅವನ ತಾಯಿ ನನ್ನನ್ನು ಕಂಡಾಗ ಒಂದು ಮಾತನ್ನೂ ಆಡಲಿಲ್ಲ. ಅಂದಿನಿಂದ ನನ್ನನ್ನು ಕಾಡುತ್ತಿರುವ ವಿಚಾರವು ಒಂದು: ಮೂವತ್ತೈದು ವರ್ಷ ನಾನು ತರಗತಿಯಲ್ಲಿ ನಳನ ವೇಗವನ್ನು ವರ್ಣಿಸಿದೆನು, ಅದೇ ಪರ್ವದಲ್ಲಿರುವ ದಾರುಕಪುತ್ರನ ಕಥೆಯನ್ನು, ಪಠ್ಯದಲ್ಲಿಲ್ಲವೆಂಬ ಕಾರಣದಿಂದ, ಒಂದು ದಿನವೂ ಹೇಳಲಿಲ್ಲ.

ಆದುದರಿಂದ ಮಕ್ಕಳಿರುವ ಮನೆಗಳ ಹಿರಿಯರಲ್ಲಿ ನನ್ನ ಪ್ರಾರ್ಥನೆಯು ಇಷ್ಟೇ. ಹುಡುಗನು ಗಾಡಿಯ ಬೀಗದ ಕೈಯನ್ನು ಕೇಳಿದಾಗ ವೇಗವು ಪಾಪವೆಂದು ಬೋಧಿಸಬೇಡಿರಿ, ಅವನು ಕೇಳುವುದಿಲ್ಲ. ವೇಗವನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಒಬ್ಬನಿದ್ದನು, ಅವನು ಜನರ ಮುಖವನ್ನು ನೋಡಿ ಬ್ರೇಕು ಹಾಕಿದನು, ದಣಿದಾಗ ಓಡಿಸಿ ಕತ್ತನ್ನು ಮುರಿದುಕೊಂಡು ಬುದ್ಧಿ ಕಲಿತನು, ಮೇರೆಯನ್ನು ಕಂಡಮೇಲೆ ಇಳಿದುಬಿಟ್ಟನು, 84 ವರ್ಷ ಬದುಕಿದನು ಎಂದು ಹೇಳಿರಿ. ಮುಂದಿನ ರಥಸಪ್ತಮಿಗೆ ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆತಂದು, ಗಾಲಿಯ ಮಗ್ಗುಲಲ್ಲಿ ಬಗ್ಗಿ ನಡೆಯುವವನನ್ನು ತೋರಿಸಿರಿ.